‘ವಲೆ’ಗೆ ನೂರು ರಾತ್ರಿಯ ನಿಷೇಧ

ಫಿಜಿಯ ಸುವಾ ನಗರದ ದ್ವೀಪಪದ ಸಾಮರಸ್ಯ ಮಂಡಳಿಯು ‘ವಲೆ’ ಎಂಬ ಪದವನ್ನು ನೂರು ರಾತ್ರಿಗಳ ಮಟ್ಟಿಗೆ ಬಳಕೆಯಿಂದ ಹಿಂಪಡೆದಿದೆ. ಫಿಜಿಯಲ್ಲಿ ಅದು ಮನೆ. ನೆರೆಯ ಟೋಂಗಾದಲ್ಲಿ ದಡ್ಡ. ‘ವಲೆ ಇಲಾಖೆ’ ಎಂಬ ಫಲಕ ಕಂಡ ಟೋಂಗಾದ ಅತಿಥಿಯೊಬ್ಬರು ಊಟ ಬಿಟ್ಟು ನಕ್ಕಿದ್ದೇ ಇದಕ್ಕೆ ಕಾರಣ.

ನಿಷೇಧ ಸಂಪ್ರದಾಯಬದ್ಧವಾಗಿಯೇ ನಡೆಯಿತು. ಊರ ಮುಖ್ಯಸ್ಥ ತೀರಿಕೊಂಡರೆ ಕಡಲಲ್ಲಿ ಕೋಲು ನೆಟ್ಟು, ಬಟ್ಟೆ ಕಟ್ಟಿ, ನೂರು ರಾತ್ರಿ ಮೀನು ಹಿಡಿಯದೆ ಬಿಡುತ್ತಾರೆ. ಮಂಡಳಿ ಅಂಥದ್ದೇ ಕೋಲನ್ನು ಇಲಾಖೆಯ ಬಾಗಿಲಲ್ಲಿ ನೆಟ್ಟು, ಯಾಂಗೋನಾ ಬೇರಿನ ಪಾನೀಯ ಕುಡಿದು, ಚಪ್ಪಾಳೆ ತಟ್ಟಿತು.

ಮೆರೆಸೇನಿಯ ಸೂರನ್ನು ಅದೇ ವಾರ ಚಂಡಮಾರುತ ಹೊತ್ತೊಯ್ದಿತ್ತು. ಮೊಮ್ಮಕ್ಕಳು ಮಳೆಯಲ್ಲಿ ನೆನೆದು ಕೆಮ್ಮುತ್ತಿದ್ದರು. ಪರಿಹಾರದ ತಗಡು ಕೇಳಲು ಇಲಾಖೆಗೆ ಬಂದವಳನ್ನು ಅಧಿಕಾರಿ ಅಪಕುಕಿ ಚಾಪೆಯ ಮೇಲೆ ಕೂರಿಸಿ ಒಂದು ಚಿಪ್ಪು ಯಾಂಗೋನಾ ಕೊಟ್ಟ.

“ತಗಡು ರಾಶಿ ಬಿದ್ದಿದೆ ತಾಯಿ. ಯಾವುದಕ್ಕೆ ಬೇಕು ಅಂತ ಹೇಳಿ, ಈಗಲೇ ಕೊಡ್ತೀನಿ.”

“ಯಾವುದಕ್ಕೆ ಅಂತ ನಿಂಗೊತ್ತಿಲ್ವೇನಪ್ಪ? ಅದರೊಳಗೇ ಕೂತು ನನ್ನ ಕೈಯಡುಗೆ ಉಂಡಿದ್ದೀಯಲ್ಲ.”

“ನಂಗೊತ್ತು. ಇಲಾಖೆಗೆ ಗೊತ್ತಿಲ್ಲ.”

“ಇಲಾಖೆಗೆ ಏನು ಗೊತ್ತು ಹಾಗಾದ್ರೆ?”

ಅಪಕುಕಿ ಯೋಚಿಸಿದ. “ಸದ್ಯಕ್ಕೆ ದೋಣಿ ಗೊತ್ತು.”

ಮೆರೆಸೇನಿ ದೋಣಿಗೆಂದೇ ತಗಡು ಪಡೆದಳು. ಅಂದು ಮಕ್ಕಳು ಬೆಚ್ಚಗೆ ಮಲಗಿದ್ದು ಕಂಡು ಅವಳಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಸುದ್ದಿ ಹಬ್ಬಿ ಇಡೀ ಬೀದಿ ದೋಣಿಯಾಯಿತು. ಕೂಡಲೇ ಪ್ರಕಟಣೆ ಹೊರಟಿತು: ‘ನೆಲದ ಮೇಲಿನ ಸಮಸ್ತ ದೋಣಿಗಳೂ ಹುಟ್ಟು, ಲಂಗರು ಹೊಂದಿರತಕ್ಕದ್ದು. ಸ್ನಾನ ಮಾಡುವವರು ತೇಲುವ ಅಂಗಿ ಧರಿಸತಕ್ಕದ್ದು.’ ಜನ ಧರಿಸಿದರು. ದೋಣಿ ಯಾಕೆ ಹೊರಟಿಲ್ಲವೆಂದು ತಪಾಸಣೆಗೆ ಬಂದ ಬಂದರಿನವನಿಗೆ ಮೆರೆಸೇನಿ, ಗಾಳಿ ಸರಿಯಿಲ್ಲ ಎಂದಳು. ಅವನು ಆಕಾಶ ನೋಡಿ ಒಪ್ಪಿದ.

ನೂರು ರಾತ್ರಿ ಕಳೆದವು. ಬಿಟ್ಟ ಕಡಲಲ್ಲಿ ಮೀನು ಹೆಚ್ಚುವಂತೆ, ವಿಶ್ರಾಂತಿ ಪಡೆದ ಪದದಲ್ಲೂ ಅರ್ಥ ಹೆಚ್ಚಿದೆ ಎಂದು ಮಂಡಳಿ ಸಾರಿ ಔತಣ ಮಾಡಿತು. ಎರಡಿದ್ದ ಅರ್ಥ ಏಳಾಗಿತ್ತು. ಒಂದೊಂದಕ್ಕೂ ಒಂದು ಉಪಸಮಿತಿ ಬಂತು. ಅಪಕುಕಿ ಸಂಭ್ರಮದಿಂದ ಓಡಿಬಂದ. ಇನ್ನು ಮನೆಯನ್ನು ‘ವಲೆ’ ಎನ್ನಬಹುದು. ದೋಣಿಯ ತಗಡು ಬಿಚ್ಚಿಕೊಟ್ಟು ಮನೆಗೆಂದು ಹೊಸದಾಗಿ ಕೇಳಿದರೆ, ಏಳೂ ಉಪಸಮಿತಿಗಳ ಕೆಲಸ ಮುಗಿದ ಮೇಲೆ ಖಂಡಿತ ಸಿಗುತ್ತದೆ ಎಂದ.

ಮೆರೆಸೇನಿ ಮೇಲಿನ ತಗಡನ್ನೂ ಕೆಳಗಿನ ಮಕ್ಕಳನ್ನೂ ನೋಡಿದಳು.

“ಮನೆ ಯಾರದಪ್ಪ? ನಾವು ಮೊದಲಿಂದ್ಲೂ ದೋಣಿಯೋರು.”

ಬೀದಿಗೆ ಬೀದಿಯೇ ಹೌದೆಂದು ತಲೆಯಾಡಿಸಿತು. ಅಷ್ಟರಲ್ಲಿ ಮಳೆ ಸುರಿಯತೊಡಗಿತು. ಅಪಕುಕಿ ಚಪ್ಪಲಿ ಕಳಚಿ, ದೋಣಿ ಹತ್ತಲು ಅಪ್ಪಣೆ ಕೇಳಿ, ಅಡುಗೆಮನೆಯ ಪಕ್ಕ ಹುಟ್ಟು ಹಿಡಿದು ಕೂತ.