ಉತ್ತಮ ಪುರುಷ, ಏಕವಚನ

ಎಂಟೇ ದಿನಗಳಲ್ಲಿ ನನ್ನ ಹೆಂಡತಿಯನ್ನು ವಾಗ್ಮಿಯನ್ನಾಗಿ ಮಾಡುತ್ತೇನೆಂದು ನಾನು ಪಣ ತೊಟ್ಟೆ. ಮೂವತ್ತಾರು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವನು ನಾನು. ಮಧ್ಯಾಹ್ನದ ಊಟದ ಮೇಲಿನ ಪಿರಿಯಡ್ಡಿನಲ್ಲಿ ಸಮಾಸ ಪಾಠ ಮಾಡಿ, ಐವತ್ತು ಮಕ್ಕಳಲ್ಲಿ ಮೂವತ್ತು ಮಂದಿಯನ್ನಾದರೂ ಎಚ್ಚರವಾಗಿಟ್ಟವನು ನಾನು. ಅಂಥ ನನಗೆ ಒಬ್ಬ ಹೆಂಡತಿಯ ಸಭಾಕಂಪ ಯಾವ ಲೆಕ್ಕ!

ಅವಳದು ವಿಚಿತ್ರ ಪ್ರಕರಣ. ಮೂವತ್ತೊಂದು ವರ್ಷಗಳಿಂದ ಅವಳು ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಪ್ರಕಟಣೆ ಹೇಳುವವಳು. ಅವಳ ಒಂದು ಮಾತಿಗೆ ಮೂರನೇ ಪ್ಲಾಟ್‌ಫಾರ್ಮಿನ ಜನವೆಲ್ಲ ಗಂಟುಮೂಟೆ ಹೊತ್ತು ಏಳನೆಯದಕ್ಕೆ ಓಡುತ್ತಾರೆ. ನನ್ನ ಮಾತಿಗೆ ಯಾವ ತರಗತಿಯೂ ಹಾಗೆ ಓಡಿದ್ದಿಲ್ಲ. ಆದರೆ ಅವಳು ಕೂರುವುದು ಮೂವತ್ತು ಮೆಟ್ಟಿಲು ಹತ್ತಿದ ಮೇಲಿರುವ ಪುಟ್ಟ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ. ಎದುರಿಗೆ ನಾಲ್ಕು ಜೊತೆ ಕಣ್ಣು ಕಂಡರೆ ಸಾಕು, ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಹಿಂದೊಮ್ಮೆ ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಯಾರೋ “ನಿಮ್ಮ ಹೆಸರೇನಮ್ಮಾ?” ಎಂದು ಕೇಳಿದ್ದಕ್ಕೆ, ಪಕ್ಕದಲ್ಲಿದ್ದ ನನ್ನ ಕಡೆ ಬೆರಳು ತೋರಿಸಿದ್ದಳು.

ಈಗ ಅವಳ ನಿವೃತ್ತಿ. ಬೀಳ್ಕೊಡುಗೆಯ ದಿನ ಐದು ನಿಮಿಷ ಮಾತಾಡಬೇಕೆಂದು ಡಿಪೋ ಮ್ಯಾನೇಜರು ಹೇಳಿ ಕಳಿಸಿದ್ದರು.

“ಹೋಗೋದಿಲ್ಲ. ರಜೆ ಚೀಟಿ ಬರೆದಿಟ್ಟಾಯ್ತು,” ಎಂದಳು.

“ತನ್ನ ಬೀಳ್ಕೊಡುಗೆಗೇ ರಜೆ ಹಾಕಿದವರನ್ನ ಎಲ್ಲಾದರೂ ಕಂಡಿದ್ದೀಯೇನೇ?”

“ಇನ್ಮೇಲೆ ಕಾಣಬಹುದು.” ಆ ಚೀಟಿಯನ್ನು ಮಡಿಸುತ್ತಾ, “ಅಕ್ಕನ ಬಗ್ಗೆ ಎಲ್ಲರ ಎದುರಿಗೆ ಒಂದು ಮಾತು ಹೇಳ್ಬೇಕು ಅಂತ ಮಾತ್ರ ಆಸೆ ಇತ್ತು. ಅದೊಂದು ಉಳಿದುಹೋಗುತ್ತೆ ರೀ,” ಎಂದಳು.

ಅಕ್ಕ ಎಂದರೆ ನಿಲ್ದಾಣದ ಕಸ ಗುಡಿಸುವಾಕೆ. ಇವಳ ಗಂಟಲು ಕಟ್ಟಬಾರದೆಂದು ಇಪ್ಪತ್ತೆರಡು ವರ್ಷ ದಿನವೂ ಆ ಮೂವತ್ತು ಮೆಟ್ಟಿಲು ಹತ್ತಿ ಬಿಸಿನೀರು ತಂದಿಟ್ಟವಳು. ಆ ಮಾತು ಕೇಳಿ ನನ್ನೊಳಗಿನ ಮೇಷ್ಟರು ಎದ್ದು ಕುಳಿತರು. ರಜೆ ಚೀಟಿಯನ್ನು ನನ್ನ ಜೇಬಿಗೆ ಸೇರಿಸಿ ಪಾಠ ಆರಂಭಿಸಿದೆ.

ನಡುಮನೆಯಲ್ಲಿ ಆರು ಕುರ್ಚಿ ಹಾಕಿ, ಒಂದೊಂದರ ಮೇಲೂ ಒಂದೊಂದು ದಿಂಬು ಕೂರಿಸಿದೆ. ಸಭಿಕರು! ಸಂಧಿ ಸಮಾಸಗಳಿಂದ ಕಿಕ್ಕಿರಿದ ಮೂರು ಪುಟದ ಭಾಷಣವನ್ನೂ ಬರೆದುಕೊಟ್ಟೆ. ಅದರ ಮೊದಲ ವಾಕ್ಯ: “ಮಾನ್ಯರೇ, ಅಲ್ಪಮತಿಯಾದ ನಾನು...”

“ಮಾನ್ಯರೇ, ಅಲ್ಪಮತಿಯಾದ...” ಎಂದು ನಿಂತಳು.

“ಮುಂದೆ?”

“ಅಲ್ಪಮತಿಯಾದ...”

“ಹೇಳೇ, ದಿಂಬುಗಳು ಕಾಯ್ತಿವೆ.”

“ಅಲ್ಪಮತಿಯಾದ ಇವರು,” ಎಂದು ಮತ್ತೆ ನನ್ನ ಕಡೆಗೇ ಬೆರಳು ತೋರಿಸಿದಳು.

ಆಗ ನನಗೆ ರೋಗದ ಮೂಲ ಸಿಕ್ಕಿತು. ಇವಳ ಬಾಯಲ್ಲಿ ‘ನಾನು’ ಎಂಬ ಪದವೇ ಬರುವುದಿಲ್ಲ. ಪ್ರಕಟಣೆಯಲ್ಲಿ ಬಸ್ಸು ಬರುತ್ತದೆ, ಬಸ್ಸು ಹೋಗುತ್ತದೆ; ‘ನಾನು’ ಎಲ್ಲಿಯೂ ಇರುವುದಿಲ್ಲ. ಮನೆಯಲ್ಲಿಯೂ ಅದೇ ಧಾಟಿ. “ತಲೆ ನೋಯ್ತಿದೆ,” “ಅಡುಗೆ ಆಗಿದೆ.” ಮೂವತ್ತು ವರ್ಷ ಸಂಸಾರ ಮಾಡಿದ ವ್ಯಾಕರಣದ ಮೇಷ್ಟರ ಕಿವಿಗೆ ಇದು ಬಿದ್ದಿರಲಿಲ್ಲ ನೋಡಿ.

“ನೋಡು, ಬಸ್ಸು, ಅವನು, ಅವಳು, ಇವೆಲ್ಲ ಪ್ರಥಮ ಪುರುಷ. ‘ನೀನು’ ಮಧ್ಯಮ ಪುರುಷ. ‘ನಾನು’ ಅನ್ನೋದು ಉತ್ತಮ ಪುರುಷ. ಭಾಷಣಕ್ಕೆ ಉತ್ತಮ ಪುರುಷ ಬೇಕೇ ಬೇಕು,” ಎಂದು ಬಿಡಿಸಿ ಹೇಳಿದೆ.

“ಮನೆಗೊಬ್ಬ ಉತ್ತಮ ಪುರುಷ ಸಾಲದೇನ್ರೀ? ಬೆಳಗ್ಗೆಯಿಂದ ‘ನಾನು ನಾನು’ ಅಂತ ಕೇಳಿಸ್ತಾನೇ ಇದೆಯಲ್ಲ.”

ಎಂಟು ದಿನ ಕಳೆದವು. ಮೂರು ಪುಟದ ಭಾಷಣ ಆರು ದಿಂಬುಗಳಿಗೂ ಬಾಯಿಪಾಠವಾಗಿರಬೇಕು. ಇವಳು ಮಾತ್ರ ಮೊದಲ ವಾಕ್ಯ ದಾಟಲಿಲ್ಲ. ಕೈಹಿಡಿದು ಸಭೆಗೆ ಕರೆದುಕೊಂಡು ಹೋದೆ.

ಚಾಲಕರ ವಿಶ್ರಾಂತಿ ಕೋಣೆಯಲ್ಲಿ ಅರವತ್ತು ಕುರ್ಚಿ. ಒಂದೂ ಖಾಲಿಯಿಲ್ಲ. ವೇದಿಕೆಯ ಮೇಲೆ ಇವಳು ಮೂರು ಪುಟವನ್ನು ಮಡಿಸಿ ಮಡಿಸಿ ಬಸ್ ಟಿಕೇಟಿನಷ್ಟು ಮಾಡಿಕೊಂಡಿದ್ದಳು. ಅಷ್ಟರಲ್ಲಿ ಮ್ಯಾನೇಜರು, “ಮೊದಲು ಮೇಡಮ್ಮನವರ ಯಜಮಾನರು, ಹಿರಿಯ ಶಿಕ್ಷಕರು, ಎರಡು ಮಾತಾಡ್ತಾರೆ,” ಎಂದುಬಿಟ್ಟರು.

ಗತ್ತಿನಿಂದ ಎದ್ದೆ. ಮೈಕಿನ ಮುಂದೆ ನಿಂತು ತಲೆಯೆತ್ತಿದೆ. ಎದುರಿಗೆ ಅರವತ್ತು ಮಂದಿ, ಕೈಕಟ್ಟಿ ಕುಳಿತ ದೊಡ್ಡವರು. ಬಹುಪಾಲು ಮೀಸೆಗಳು. ಒಬ್ಬನನ್ನೂ ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ನನಗಿಲ್ಲ. ಮೂವತ್ತಾರು ವರ್ಷಗಳಲ್ಲಿ ಹದಿನೈದು ದಾಟಿದವರ ಮುಂದೆ ನಾನು ಬಾಯಿ ಬಿಟ್ಟೇ ಇಲ್ಲವೆಂಬುದು ಆಗ ಹೊಳೆಯಿತು!

“ನಾನು...” ಎಂದೆ. “ನಾನು... ನಾನು...” ಉತ್ತಮ ಪುರುಷ ಕೆಟ್ಟು ನಿಂತ ಬಸ್ಸಿನಂತೆ ಅಲ್ಲೇ ನಿಂತ. ಕೈ ಸೀಮೆಸುಣ್ಣಕ್ಕಾಗಿ ತಡಕಾಡಿತು. ಹಿಂದಕ್ಕೆ ತಿರುಗಿದೆ, ಕರಿಹಲಗೆ ಇರಲಿಲ್ಲ. ಸಭೆಗೆ ಬೆನ್ನು ಹಾಕಿಯೇ ನಿಂತೆ. ಕೊನೆಗೆ ನನ್ನ ಬಾಯಿಂದ ಹೊರಟ ಮಾತು ಇದು: “ಎಲ್ಲರೂ ಪುಸ್ತಕ ತೆಗೆಯಿರಿ.”

“ಎಷ್ಟನೇ ಪಾಠ ಸಾರ್?” ಎಂದಿತು ಹಿಂದಿನ ಸಾಲಿನ ಮೀಸೆಯೊಂದು.

ಆಗ ಪಕ್ಕದಲ್ಲಿ ಸೀರೆ ಸರಿದ ಸದ್ದಾಯಿತು. ಹೆಂಡತಿ ಎದ್ದು ಬಂದು ಮೈಕು ತೆಗೆದುಕೊಂಡಳು. ನನ್ನ ಹಾಗೆಯೇ ಸಭೆಗೆ ಬೆನ್ನು ತಿರುಗಿಸಿ, ಗೋಡೆ ನೋಡುತ್ತಾ, ಅದೇ ಮೂವತ್ತೊಂದು ವರ್ಷದ ದನಿಯಲ್ಲಿ ಶುರುಮಾಡಿದಳು.

“ಪ್ರಯಾಣಿಕರು ದಯವಿಟ್ಟು ಗಮನಿಸಿ.”

ಮೂವರು ಚಾಲಕರು ಅಭ್ಯಾಸಬಲದಿಂದ ಎದ್ದು ನಿಂತರು.

“ಮೇಷ್ಟರ ಭಾಷಣವು ತಾಂತ್ರಿಕ ಕಾರಣದಿಂದ ತಡವಾಗಿದೆ. ಉಂಟಾಗಿರುವ ಅಡಚಣೆಗೆ ವಿಷಾದವಿದೆ.”

ಕೋಣೆ ಹಾರಿಹೋಗುವಂತೆ ನಗು. ನಗು ಇಳಿಯುವವರೆಗೆ ಎರಡು ಬಸ್ಸುಗಳ ನಡುವೆ ಕಾಯುವಂತೆ ಕಾದಳು. ಅದನ್ನು ನಾನು ಕಲಿಸಿರಲಿಲ್ಲ.

“ಇನ್ನೊಂದು ಪ್ರಕಟಣೆ. ಇಪ್ಪತ್ತೆರಡು ವರ್ಷ ದಿನವೂ ಮೂವತ್ತು ಮೆಟ್ಟಿಲು ಹತ್ತಿ ಬಿಸಿನೀರು ತಂದ ಅಕ್ಕ ಎಲ್ಲಿದ್ದರೂ ಕೂಡಲೇ ವೇದಿಕೆಯ ಬಳಿ ಬರಬೇಕು. ನಿಲ್ದಾಣದಲ್ಲಿ ಕೇಳಿದ ದನಿಯಲ್ಲಿ ಅರ್ಧ ಅವರದು.”

ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದಳು. ನನ್ನ ಹೆಂಡತಿ ನಿಧಾನವಾಗಿ ಗೋಡೆಯಿಂದ ಈ ಕಡೆ ತಿರುಗಿದಳು. ಅರವತ್ತು ಜೊತೆ ಕಣ್ಣು ಅವಳ ಮೇಲೆ. ಮೈಕು ಕೆಳಗಿಳಿಸಿದಳು.

“ನಾನು...” ಎಂದಳು. ನಾನು ಉಸಿರು ಹಿಡಿದೆ. “ನಾನು ನಿನ್ನ ಮರೆಯಲ್ಲ ಅಕ್ಕಾ.”

ಅಷ್ಟೇ. ಮೈಕಿಲ್ಲದ ಮಾತು ಕೊನೆಯ ಸಾಲಿಗೂ ಕೇಳಿಸಿತು. ನನ್ನ ಮೂರು ಪುಟ ಅವಳ ಮುಷ್ಟಿಯಲ್ಲಿಯೇ ಉಳಿಯಿತು, ಒಳ್ಳೆಯದಾಯಿತು.

ಮನೆಗೆ ಬಂದ ಮೇಲೆ ಮಾನ ಉಳಿಸಿಕೊಳ್ಳಲು ಹೇಳಿದೆ: “ಎಂಟು ದಿನದ ಪಾಠ ಕೊನೆಗೂ ಫಲ ಕೊಟ್ಟಿತು ಅನ್ನು.”

“ಪಾಠ ಅಲ್ಲ ರೀ, ಮೇಷ್ಟರು ಫಲ ಕೊಟ್ಟರು. ನೀವು ನಿಂತ ಭಂಗಿ ನೋಡಿದ ಮೇಲೆ, ಇದಕ್ಕಿಂತ ಕೆಟ್ಟದ್ದು ಇನ್ನೇನೂ ಆಗೋದಿಲ್ಲ ಅನ್ನೋ ಧೈರ್ಯ ಬಂತು,” ಎಂದಳು. ಆಮೇಲೆ ನನ್ನನ್ನು ಆರು ದಿಂಬುಗಳ ಮುಂದೆ ನಿಲ್ಲಿಸಿದಳು. “ಈಗ ನಿಮ್ಮ ಸರದಿ. ‘ನಾನು’ ಇಲ್ಲದ ಒಂದು ವಾಕ್ಯ ಹೇಳಿ ನೋಡೋಣ.”

ಬಹಳ ಹೊತ್ತು ಯೋಚಿಸಿದೆ. ಸುಲಭವಲ್ಲ, ಬೇಕಾದರೆ ನೀವೂ ಪ್ರಯತ್ನಿಸಿ. ಕೊನೆಗೆ ಒಂದು ಸಿಕ್ಕಿತು.

“ಅವಳು ಚೆನ್ನಾಗಿ ಮಾತಾಡಿದಳು.”

ಹೆಂಡತಿ ಕನ್ನಡಕ ಏರಿಸಿಕೊಂಡು, “ವಾಕ್ಯ ಸರಿಯಾಗಿದೆ. ಆದರೆ ಗೋಡೆ ನೋಡ್ಕೊಂಡು ಹೇಳಿದ್ರಿ,” ಎಂದಳು. “ಇನ್ನೊಂದು ಸಲ, ದಿಂಬುಗಳ ಮುಖ ನೋಡಿ.”