ಬೈರಯ್ಯನ ಎಡಗಾಲು

ಬೊಂಬೆಯ ತಲೆಯ ಮೇಲೆ ಹೆಸರು ಬರೆಯಲು ಆ ಮೊಬೈಲ್ ಗೇಮಿನಲ್ಲಿ ಜಾಗ ಕೊಟ್ಟಿರದಿದ್ದರೆ ಚನ್ನವೀರೇಶನಿಗೆ ಈ ಪಾಡು ಬರುತ್ತಿರಲಿಲ್ಲ. ಕೊಟ್ಟಿದ್ದರು. ಅವನು 'ಬೈರಯ್ಯ' ಎಂದು ಬರೆದಿದ್ದ.

ಬೈರಯ್ಯ ಅವನ ಮನೆಯ ಓನರು. ಬೆಂಗಳೂರಂಚಿನ ಹೇರೋಹಳ್ಳಿಯಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಎರಡಂತಸ್ತು ಎಬ್ಬಿಸಿ, ಕೆಳಗೆ ತಾನಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದ. ಆರು ವರ್ಷಕ್ಕೆ ಐದು ಮನೆ ಬದಲಿಸಿದ್ದ ಚನ್ನವೀರೇಶನ ಅಗ್ರಿಮೆಂಟು ಈ ತಿಂಗಳಿಗೆ ಮುಗಿಯುತ್ತಿತ್ತು. ಮಗಳು ಅನುವಿನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಉಳಿದಿದ್ದುದು ಮೂರೇ ವಾರ. "ಇನ್ನೊಂದ್ಸಲ ಸಾಮಾನು ಕಟ್ಟು ಅಂದ್ರೆ ನಾನು ಮಗಳನ್ನ ಕರ್ಕೊಂಡು ರಾಣೆಬೆನ್ನೂರಿಗೆ ಹೋಗ್ತೀನಿ, ನೀವು ಎಲ್ಲಾದ್ರೂ ಇರಿ" ಎಂದು ಹೆಂಡತಿ ಜಯದೇವಿ ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದನ್ನು ಮಾಡುವವಳು. ಹಾಗಾಗಿ ಚಪ್ಪಲಿ ಎಲ್ಲಿ ಬಿಡಬೇಕು, ಬಟ್ಟೆ ಎಲ್ಲಿ ಒಣಗಿಸಬೇಕು ಎಂದು ಬೈರಯ್ಯ ದಿನಾ ಬೈದಾಗಲೂ ಅವನು "ಆಯ್ತು ಸಾರ್" ಎಂದು ತಲೆ ತಗ್ಗಿಸುತ್ತಿದ್ದ. ಆಮೇಲೆ ಮೊಬೈಲು ತೆಗೆಯುತ್ತಿದ್ದ.

ಗೇಮಿನ ಬೊಂಬೆಗೆ ಬೆನ್ನುಮೂಳೆಯೇ ಇಲ್ಲ. ಮೆಟ್ಟಿಲ ಮೇಲೆ ನಿಲ್ಲಿಸಿ ಬೆರಳಿನಿಂದ ತಳ್ಳಿದರೆ ಸಾಕು, ಒದ್ದೆ ಬಟ್ಟೆಯಂತೆ ಉರುಳುತ್ತದೆ. ಪ್ರತಿಸಲವೂ ಬೇರೆ ಥರ. ಆ ಸುಖವೇ ಸುಖ. ದುಃಖವೂ ಇತ್ತು. ಕಾಲು ಗೋಡೆಯೊಳಗೆ ಸಿಕ್ಕಿಕೊಂಡು ಬೊಂಬೆ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಇನ್ನೇನು ಬಿತ್ತು ಎನ್ನುವಾಗ ಜಾಹೀರಾತು ಬರುತ್ತಿತ್ತು. ಆದರೂ ಬೆಂಗಳೂರಿನಲ್ಲಿ ಚನ್ನವೀರೇಶನ ಮಾತು ಕೇಳುತ್ತಿದ್ದುದು ಅದೊಂದೇ.

ಶನಿವಾರ ಬೆಳಿಗ್ಗೆ ತಾರಸಿಯಲ್ಲಿ ಕೂತು ಆಡುತ್ತಿದ್ದ. ಹತ್ತಿದ್ದು ಬೇರೆ ಕೆಲಸಕ್ಕೆ, ಮಾಡಿದ್ದು ಬೇರೆ ಕೆಲಸ. ಬಿಳಿ ಅಂಗಿಯ ಬೊಂಬೆ ಹದಿನೆಂಟು ಮೆಟ್ಟಿಲು ಉರುಳಿ, ಎಡಗಾಲು ಕಳಚಿಕೊಂಡು ಬಿದ್ದಾಗ ಅವನು ಗಟ್ಟಿಯಾಗಿ ನಕ್ಕ. ಅದೇ ಹೊತ್ತಿಗೆ ಕೆಳಗೆ ನಿಜವಾದ ಮೆಟ್ಟಿಲಿನಲ್ಲಿ "ಅಯ್ಯಯ್ಯಪ್ಪೋ" ಎಂಬ ಕೂಗೆದ್ದಿತು.

ಬೈರಯ್ಯ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಎಡಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಚನ್ನವೀರೇಶ್ ಓಡಿಬಂದು ಎತ್ತಿದ, ಆಟೋ ನಿಲ್ಲಿಸಿದ. ಮಗನಿಗೆ ಸುದ್ದಿ ಮುಟ್ಟಿಸಲೆಂದು ಬೈರಯ್ಯನ ಹೆಂಡತಿ ಬೋರಮ್ಮನ ಕೈಗೆ ತನ್ನ ಮೊಬೈಲು ಕೊಟ್ಟು ಆಸ್ಪತ್ರೆಗೆ ಹೋದ. ಜೀವಮಾನದಲ್ಲಿ ಅವನು ಇಷ್ಟು ಚುರುಕಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಕೆಟ್ಟಿದ್ದೂ ಅಲ್ಲೇ.

ಬೈರಯ್ಯನ ಮಗ ರೇವಂತ್ ಆಸ್ಪತ್ರೆಗೆ ಬಂದ ಮೇಲೆ, ಮಧ್ಯಾಹ್ನ, ಚನ್ನವೀರೇಶ್ ಮನೆಗೆ ಮರಳಿದ. ಗೇಟಿನಲ್ಲಿ ಬೀದಿಯ ಹೆಂಗಸರೆಲ್ಲ ನಿಂತಿದ್ದರು. ಮುಂದೆ ಪಕ್ಕದ ಮನೆಯ ಕುಸುಮಾ, ಕೈಯಲ್ಲಿ ಅವನ ಮೊಬೈಲು.

"ಇದೇನ್ರೀ ಮೆಸೇಜು?" ಎಂದು ಅವಳು ಗಟ್ಟಿಯಾಗಿ ಓದಿದಳು. "ಬೈರಯ್ಯ ಅವರು ನಿಮಗಾಗಿ ಕಾಯುತ್ತಿದ್ದಾರೆ! ಬನ್ನಿ, ಇನ್ನೊಂದು ಮೂಳೆ ಮುರಿಯಿರಿ!"

"ಅದು ಗೇಮು ಮೇಡಂ. ಆಡದೆ ಬಿಟ್ರೆ ಹಂಗೆ ಕಳಿಸ್ತದೆ."

"ಒಳಗೆ ನೋಡಿದ್ವಿ. ಬಿಳಿ ಅಂಗಿ, ಮೀಸೆ, ಮೇಲೆ ಹೆಸರು. ಎಡಗಾಲೇ ಕಿತ್ತಾಕಿದೀರ. ಡಾಕ್ಟ್ರು ಯಾವ ಕಾಲು ಅಂದ್ರು?"

"ಎಡ... ಎಡ ಸೊಂಟ. ನಾಳೆ ಆಪರೇಷನ್ನು. ಶುಗರ್ ಬೇರೆ ಇದೆಯಂತೆ."

ಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಮಾಟ ಮಾಡ್ಬಿಟ್ಟಲ್ಲೋ ನನ್ನಪ್ಪ. ಮನೆ ಕೊಟ್ಟಿದ್ದಕ್ಕೆ ಮಾಟ ಮಾಡ್ಬಿಟ್ಟೆ."

ಜಯದೇವಿ ಮೇಲಿಂದ ಇಳಿದು ಬಂದಳು. "ಮೊದ್ಲು ಆ ದರಿದ್ರದ್ದನ್ನ ಡಿಲೀಟ್ ಮಾಡ್ರೀ!"

"ಡಿಲೀಟಾ?" ಬೋರಮ್ಮ ಮೊಬೈಲು ಕಸಿದುಕೊಂಡು ಎದೆಗವಚಿಕೊಂಡಳು. "ನನ್ ಗಂಡನ್ನ ಡಿಲೀಟ್ ಮಾಡಿಸ್ತೀಯೇನೇ? ಹೆಂಗೆ ಕಿತ್ತನೋ ಹಂಗೇ ಕೂಡಿಸ್ಲಿ!"

ಕಾಲು ಕೂಡಿಸುವ ಸಲಕರಣೆಗೆ ಗೇಮಿನವರು ಬೀಗ ಹಾಕಿದ್ದರು. ನಾಲ್ಕು ಜಾಹೀರಾತು ನೋಡಿದರೆ ಬೀಗ ತೆಗೆಯುತ್ತಿತ್ತು. ಹೆಂಗಸರೆಲ್ಲ ಕೈಮುಗಿದುಕೊಂಡು ಚಿನ್ನದ ಸಾಲ, ಕೂದಲೆಣ್ಣೆ, ರಮ್ಮಿ, ಮತ್ತೆ ಚಿನ್ನದ ಸಾಲ ನೋಡಿದರು. ಚನ್ನವೀರೇಶನ ಬೆರಳು ಬೆವರಿಗೆ ಜಾರುತ್ತಿತ್ತು. ಕಾಲು ಮೊದಲು ತಲೆಗೆ ಅಂಟಿಕೊಂಡಿತು, ಬೋರಮ್ಮ ಕಿರುಚಿದಳು. ಎರಡನೆಯ ಸಲ ಹಿಂದುಮುಂದಾಯಿತು. ಮೂರನೆಯ ಸಲಕ್ಕೆ ಸರಿಯಾಗಿ ಕೂತಿತು. ಇನ್ನೆರಡು ಜಾಹೀರಾತು ನೋಡಿ ಮಂಚವೊಂದನ್ನು ಪಡೆದು ಬೊಂಬೆಯನ್ನು ಮಲಗಿಸಿದ. ಬೋರಮ್ಮ ಮೊಬೈಲನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು.

ಸಂಜೆ ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು. ಮಾಟಕ್ಕೆ ಮದ್ದುಂಟಲ್ಲ. "ಮಾರಮ್ಮಂಗೆ ಒಂಬತ್ತು ತೆಂಗಿನಕಾಯಿ ಒಡಿ. ಅವ್ರು ಎದ್ದು ಓಡಾಡೋಗಂಟ ದಿನಾ ಬಂದು ಆ ಬೊಂಬೆ ನೋಡ್ಕೊ. ನೀನು ಮನೆ ಬಿಟ್ಟೋದ್ರೆ ಅದನ್ನ ನೋಡ್ಕೊಳೋರು ಯಾರು? ಅಗ್ರಿಮೆಂಟು ನಾನು ಮಾಡಿಸ್ತೀನಿ."

ಚನ್ನವೀರೇಶನಿಗೆ ಅಳು ಬಂತು. ಇನ್ನೂ ಹನ್ನೊಂದು ತಿಂಗಳ ಅಗ್ರಿಮೆಂಟು! ಮಗಳ ಪರೀಕ್ಷೆ, ರಿಸಲ್ಟು, ಕಾಲೇಜು, ಎಲ್ಲ ಈ ಮನೆಯಲ್ಲೇ. ಮಾಟಗಾರ ಎಂಬ ಹೆಸರು ಬಂದರೆ ಬರಲಿ. ಬಾಗಿಲಲ್ಲಿ ನಿಂತಿದ್ದ ಜಯದೇವಿಯೂ ತೆಂಗಿನಕಾಯಿಗೆ ದುಡ್ಡು ಎಣಿಸತೊಡಗಿದಳು.

ಅಷ್ಟರಲ್ಲಿ ರೇವಂತ್ ಆಸ್ಪತ್ರೆಯಿಂದ ಬಂದ. ಎಂಜಿನಿಯರಿಂಗ್ ಓದಿದವನು, ನ್ಯಾಯವಂತ. ವಿಷಯ ಕೇಳಿ ಅವನ ಮುಖ ಕೆಂಪಾಯಿತು.

"ಏನಮ್ಮಾ ಇದು? ಮೊಬೈಲಲ್ಲಿ ಬೊಂಬೆ ಬಿದ್ರೆ ಅಪ್ಪನ ಕಾಲು ಮುರಿಯುತ್ತಾ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ. ಪಾಪ, ಇವ್ರೇ ಅಲ್ವಾ ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ್ದು? ಇವ್ರ ತಲೆ ಮೇಲೆ ಅಪವಾದ ಹೊರಿಸ್ತೀರಾ? ಮೆಟ್ಟಿಲಿಗೆ ಕ್ಯಾಮೆರಾ ಹಾಕ್ಸಿದೀನಿ. ಹೆಂಗ್ ಬಿದ್ರು ಅಂತ ಎಲ್ರೂ ನೋಡಿ."

ಚನ್ನವೀರೇಶ್ ತಟ್ಟನೆ ಎದ್ದು ನಿಂತ.

"ಬೇಡ ಬಿಡಿ ಸಾರ್."

"ಯಾಕೆ ಬೇಡ? ನಿಮ್ ಪರವಾಗೇ ತಾನೇ ತೋರಿಸ್ತಿರೋದು."

"ಅಮ್ಮ ಹೇಳಿದ್ದೇ ಸರಿ ಸಾರ್. ನಾನೇ ಮಾಟ ಮಾಡಿದ್ದು. ಬೇಕಂತಲೇ ಮಾಡಿದ್ದು."

"ಹೆದ್ರಿಕೊಂಡು ಹೇಳ್ತಿದೀರ" ಎಂದು ರೇವಂತ್ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಟೀವಿ ಹಾಕಿದ.

ಚಿತ್ರ ಸ್ವಚ್ಛವಾಗಿತ್ತು. ತಾರಸಿಯ ಬಾಗಿಲಲ್ಲಿ ಚನ್ನವೀರೇಶ್ ಮೊಬೈಲು ಹಿಡಿದು ಕೂತಿದ್ದ. ಅವನ ಹಿಂದೆ ನೀರಿನ ಟ್ಯಾಂಕು ತುಂಬಿ ಉಕ್ಕುತ್ತಿತ್ತು. ಆ ಮನೆಯಲ್ಲಿ ಕೆಳಗೆ ಓನರು ಮೋಟರು ಹಾಕಿದರೆ, ಟ್ಯಾಂಕು ತುಂಬಿತೆಂದು ಮೇಲಿಂದ ಕೂಗುವುದು ಬಾಡಿಗೆಯವರ ಪಾಲಿನ ಕೆಲಸ. ಅವನು ಕೂಗಲಿಲ್ಲ. ನೀರು ಅವನ ಕಾಲ ಕೆಳಗೇ ಹರಿದು ಒಂದೊಂದೇ ಮೆಟ್ಟಿಲು ಇಳಿಯಿತು. ಎಷ್ಟು ಹೊತ್ತಾದರೂ ಕೂಗು ಕೇಳದೆ ಬೈರಯ್ಯ ತಾನೇ ನೋಡಲು ಹತ್ತಿದ. ಏಳನೆಯ ಮೆಟ್ಟಿಲಲ್ಲಿ ಅವನ ಕಾಲು ಜಾರಿತು. ಮೇಲೆ ಚನ್ನವೀರೇಶ್ ಬಾಯಿತುಂಬ ನಗುತ್ತಿದ್ದ.

ರೇವಂತ್ ಅವನ ಬೆನ್ನ ಮೇಲಿದ್ದ ಕೈ ತೆಗೆದ. ಬೋರಮ್ಮ ದೇವರ ಮುಂದಿದ್ದ ಮೊಬೈಲನ್ನು ತಂದು, ಕುಂಕುಮವನ್ನು ಸೆರಗಿನಲ್ಲಿ ಒರೆಸಿ, ಅವನ ಕೈಗಿಟ್ಟಳು.

"ಮಾಟ ಆಗಿದ್ರೆ ತೆಗೆಸ್ಬೋದಿತ್ತು ಕಣಪ್ಪ" ಎಂದಳು. "ನಾಳೇನೇ ಮನೆ ಖಾಲಿ ಮಾಡು."