ನಾಲ್ಕು ವರ್ಷವಾದರೂ ಗುಲಗಂಜಿಯಷ್ಟೂ ಸವೆಯದ ಸತುವಿನ ಗಟ್ಟಿಗಳಿಗೆ

ಚಟ್ಟಗ್ರಾಮದ ಕರ್ಣಫುಲಿ ನದಿಯ ದಡದಲ್ಲಿ ರಿಪೇರಿಗೆಂದು ಮೇಲೆಳೆದು ನಿಲ್ಲಿಸಿರುವ ‘ಮಯೂರಪಂಖಿ’ ಹಡಗಿನ ಎರಡನೇ ನಂಬರ್ ಬ್ಯಾಲಸ್ಟ್ ಟ್ಯಾಂಕಿನಲ್ಲಿ ಸುಖವಾಗಿ ವಾಸವಾಗಿರುವ ಹನ್ನೆರಡು ಸತುವಿನ ಗಟ್ಟಿಗಳ ಸನ್ನಿಧಾನಕ್ಕೆ, ಅದೇ ಡಾಕ್‌ನ ಮೇಸ್ತ್ರಿ ನೂರುಲ್ ಅಬ್ಸಾರ್ ಬಾಗಿ ಮಾಡುವ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ಸೋಮವಾರವೇ ಕಣ್ಣಾರೆ ಕಂಡಿರುವುದರಿಂದ ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ನನಗಿಲ್ಲ. ನಾವಂತೂ ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಮ್ಮ ಕ್ಷೇಮವೇ ಕಾರಣವೆಂದು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಯಾತಕ್ಕೆಂದು ತಮಗೆ ಮರೆತಿರಬಹುದು. ಸರಕಿಲ್ಲದ ಹಡಗು ಕಡಲಿನಲ್ಲಿ ಹೊಯ್ದಾಡದಿರಲೆಂದು ಆ ಟ್ಯಾಂಕಿಗೆ ನಾವು ಸಮುದ್ರದ ನೀರು ತುಂಬುತ್ತೇವೆ. ಉಪ್ಪುನೀರು ಸುಮ್ಮನೆ ಕೂರುವ ಪೈಕಿಯಲ್ಲ, ಅದಕ್ಕೆ ತಿನ್ನಲು ಏನಾದರೊಂದು ಬೇಕೇ ಬೇಕು. ಅದು ಹಡಗಿನ ಕಬ್ಬಿಣವನ್ನು ಬಿಟ್ಟು ತಮ್ಮನ್ನು ತಿಂದುಕೊಂಡಿರಲಿ ಎಂದೇ ತಮ್ಮನ್ನು ಗೋಡೆಗೆ ಬೆಸುಗೆ ಹಾಕಿ ಕೂರಿಸಿದ್ದು. ಸವೆಯುವುದೊಂದೇ ತಮ್ಮ ನೌಕರಿ. ಬೇರೆ ಹಡಗುಗಳಲ್ಲಿ ತಮ್ಮ ಬಂಧುಗಳು ನಾಲ್ಕು ವರ್ಷಕ್ಕೆ ತೇದುಳಿದ ಸಾಬೂನಿನ ಚೂರಿನಂತಾಗಿ ಹೊರಬರುತ್ತಾರೆ, ಅವರ ಟ್ಯಾಂಕಿನ ಗೋಡೆಗಳು ಮಾತ್ರ ಗಟ್ಟಿಮುಟ್ಟಾಗಿರುತ್ತವೆ.

ತಾವೋ, ಮದುವೆಗೆ ಹೊರಟವರ ಹಾಗೆ ಹೊಳೆಯುತ್ತ ಕುಳಿತಿದ್ದಿರಿ. ಸೋಮವಾರ ಹಡಗು ತಪಾಸಣೆಯ ಸರ್ವೇಯರ್, ನಾವೆಲ್ಲ ಅಕ್ಕನೆಂದು ಕರೆಯುವ ರೆಹನುಮಾ ಆಪಾ, ಟಾರ್ಚ್ ಹಿಡಿದು ಒಳಗಿಳಿದು, ತಮ್ಮ ಪಕ್ಕದ ಕಬ್ಬಿಣದ ಅಡ್ಡಪಟ್ಟಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಸುತ್ತಿಗೆ ಆಚೆ ಕಡೆಗೇ ಹೋಗಿಬಿಟ್ಟಿತು. ಆಮೇಲೆ ಅವರು ತಮ್ಮ ಕಡೆ ತಿರುಗಿ, “ಇವನ್ನ ಯಾವಾಗ ಹಾಕಿದ್ದು, ಹೋದ ವಾರನಾ?” ಎಂದರು. “ನಾಲ್ಕು ವರ್ಷ ಆಯ್ತು ಆಪಾ” ಎಂದೆ. ಅವರು ಜೇಬಿನಿಂದ ಚಾಕು ತೆಗೆದು ತಮ್ಮ ಬೆನ್ನನ್ನು ಒಂದು ಸಲ ಕೆರೆದರು. ಕೆಂಪು ಬಣ್ಣ ಸುರುಳಿಯಾಗಿ ಎದ್ದುಬಂತು, ಕೆಳಗೆ ತಮ್ಮ ಮೈ ಹೊಸ ತಟ್ಟೆಯಂತೆ ಮಿಂಚಿತು. “ಇದಕ್ಕೆ ಬಣ್ಣ ಹೊಡೆದ್ರೆ ನೀರು ಮುಟ್ಟೋದು ಹೇಗೆ? ಮುಟ್ಟದೆ ತಿನ್ನೋದು ಹೇಗೆ? ಅದಕ್ಕೇ ಹಡಗನ್ನ ತಿಂದಿದೆ. ಯಾರ್ರೀ ಹೊಡೆದಿದ್ದು?”

ಎಲ್ಲರ ಕಣ್ಣೂ ಹರಿಮೋಹನ್ ಜಲದಾಸನ ಮೇಲೆ ಬಿತ್ತು. ಈ ಡಾಕ್‌ನಲ್ಲಿ ಇಪ್ಪತ್ತಾರು ವರ್ಷದಿಂದ ಬಣ್ಣ ಬಳಿಯುತ್ತಿರುವವನು ಅವನೊಬ್ಬನೇ. ಹಡಗಿನ ಮಾಲೀಕರೂ ಡಾಕ್‌ನ ಮಾಲೀಕರೂ ಆದ ಇದ್ರಿಸ್ ಸೌದಾಗರರು ಮೇಲಿನ ಕಿಂಡಿಯಿಂದ ಇಣುಕಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: “ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ಇವನನ್ನ ಗೇಟಿಂದಾಚೆ ಹಾಕ್ತೀನಿ, ಈ ದಡದಲ್ಲಿ ಯಾವ ಡಾಕ್‌ನವರೂ ಇವನ ಕೈಗೆ ಬ್ರಷ್ಷು ಕೊಡಬಾರದು, ಹಾಗೆ ಮಾಡ್ತೀನಿ.” ಸೌದಾಗರರು ಆಡಿದ್ದನ್ನು ಮಾಡುವವರು.

ಇಂದು ಬುಧವಾರ. ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ದಯವಿಟ್ಟು ನಾಳೆ ಹತ್ತು ಗಂಟೆಯೊಳಗೆ ನಾಲ್ಕು ವರ್ಷದ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಿ ಅರ್ಧದಷ್ಟಾದರೂ ಕರಗಿಹೋಗಬೇಕು. ಟ್ಯಾಂಕಿನಲ್ಲಿ ಈಗ ಒಂದು ತೊಟ್ಟೂ ನೀರಿಲ್ಲವೆಂಬ ನೆಪ ಹೇಳಬಾರದು. ಮನಸ್ಸಿದ್ದವರಿಗೆ ಒಂದು ಕೊಡ ಸಾಕು, ನಾನೇ ಹೊತ್ತು ತರುತ್ತೇನೆ. ಅದಾಗದಿದ್ದರೆ ಹನ್ನೆರಡು ಜನವೂ ಸೌದಾಗರರ ಮುಂದೆ ಸಾಲಾಗಿ ನಿಂತು, ಬಣ್ಣವನ್ನು ನಾವೇ ಆಸೆಪಟ್ಟು ಬಳಿದುಕೊಂಡೆವೆಂದು ಹೇಳಿಕೆ ಕೊಡಬೇಕು. ಇನ್ನೊಬ್ಬರ ಬದಲು ತಾವು ನಾಶವಾಗುವುದು ತಮ್ಮ ಕುಲಕಸುಬೇ ಆಗಿರುವಾಗ ಇದೇನು ಮಹಾ.

ಒಬ್ಬ ಬಣ್ಣದವನಿಗಾಗಿ ಮೇಸ್ತ್ರಿಗೆ ಯಾಕಿಷ್ಟು ಸಂಕಟವೆಂದು ತಾವು ಕೇಳಬಹುದು. ತಮಗೆ ಗೊತ್ತಿದ್ದೂ ಕೇಳಬಾರದು, ಅಂದು ತಾವೂ ಅಲ್ಲೇ ಇದ್ದಿರಿ. ನಾಲ್ಕು ವರ್ಷದ ಹಿಂದೆ ಹಡಗು ನೀರಿಗಿಳಿಯುವ ಮುನ್ನಾದಿನವದು; ಮರುದಿನ ಹಡಗಿನ ಮೇಲೆ ಮಿಲಾದ್ ಪ್ರಾರ್ಥನೆ, ಜಿಲೇಬಿ, ಸೌದಾಗರರ ಆಗಮನ. ಅವರು ಬಂದರೆ ಮೊದಲು ಟ್ಯಾಂಕಿನೊಳಗೆ ಟಾರ್ಚ್ ಬಿಡುತ್ತಾರೆ, ಎಲ್ಲಾದರೂ ಬಣ್ಣವಿಲ್ಲದ ಜಾಗ ಕಂಡರೆ ಜಿಲೇಬಿ ಮುಟ್ಟುವುದಿಲ್ಲ. ನಾನಾಗ ಹಗ್ಗದ ಕೆಲಸದಿಂದ ಹೊಸದಾಗಿ ಮೇಸ್ತ್ರಿಯಾಗಿ ಬಂದವನು. ಹರಿಮೋಹನ ಒಳಗಿನಿಂದ ಕೂಗಿ, “ಬದ್ದಾ, ಈ ಜಿಂಕ್ ಗಟ್ಟಿಗೂ ಹೊಡೀಬೇಕಾ? ಬಿಡ್ತಾರೆ ಸಾಮಾನ್ಯವಾಗಿ” ಎಂದು ಕೇಳಿದ. ವಯಸ್ಸಿನಲ್ಲಿ ನಾನೇ ಚಿಕ್ಕವನು, ಆದರೂ ಅವನು ನನ್ನನ್ನು ಅಣ್ಣನ ಮರ್ಯಾದೆ ಕೊಟ್ಟು ಬದ್ದಾ ಎಂದೇ ಕರೆಯುವುದು. ನಾನು ಮೇಲಿನಿಂದ, “ಬಣ್ಣವೇನು ನಿನ್ನ ಮಾವನ ಮನೆದಾ? ಪಾಪ, ಅದೂ ಹಾಳಾಗಬಾರದಲ್ಲ, ಎರಡು ಕೋಟು ಹೊಡಿ” ಎಂದೆ. ಅವನು ಹೊಡೆದ. ಮರುದಿನ ಸೌದಾಗರರು ಮೂರು ಜಿಲೇಬಿ ತಿಂದು ನನ್ನ ಬೆನ್ನು ತಟ್ಟಿದರು.

ಸೋಮವಾರ ಹರಿಮೋಹನ ನನ್ನ ಹೆಸರು ಎತ್ತಲಿಲ್ಲ. ಸಂಜೆ ಚಹಾದಂಗಡಿಯಲ್ಲಿ ಬೇಲಾ ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಾ, “ಬಿಡಿ ಬದ್ದಾ, ಬ್ರಷ್ಷು ಹಿಡಿದಿದ್ದು ನನ್ನ ಕೈ. ನಿಮ್ಮನೇಲಿ ಉಣ್ಣೋ ಬಾಯಿ ಜಾಸ್ತಿ” ಎಂದ. ನಾಲ್ಕು ಮಾತು ಬೈದಿದ್ದರೆ ಆ ಚಹಾ ಕುಡಿದು ಮುಗಿಸುತ್ತಿದ್ದೆ. ಎರಡು ದಿನದಿಂದ ನನಗೆ ನನ್ನ ಮುಖ ನೋಡಿಕೊಳ್ಳಲೂ ನಾಚಿಕೆ, ಆದ್ದರಿಂದ ತಮ್ಮ ಮುಖ ನೋಡಿ ಬರೆಯುತ್ತಿದ್ದೇನೆ.

ತಾವು ಕೂಡಲೇ ಕರಗಿ ಉಪಕರಿಸುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ (ತಾವು ಅದಕ್ಕೆ ಯೋಗ್ಯರಲ್ಲದಿದ್ದರೂ),
ನೂರುಲ್ ಅಬ್ಸಾರ್,
ಮೇಸ್ತ್ರಿ

ಮರೆತ ಮಾತು: ಗುರುವಾರ ಮಧ್ಯಾಹ್ನ. ಮೇಲಿನ ಸಹಿಯಲ್ಲಿ ‘ಮೇಸ್ತ್ರಿ’ ಎಂಬುದನ್ನು ದಯವಿಟ್ಟು ಹೊಡೆದುಹಾಕಿಕೊಳ್ಳಿ. ಹತ್ತು ಗಂಟೆಗೆ ತಮ್ಮನ್ನು ನೋಡಿದೆ, ತಾವು ಕೂದಲೆಳೆಯಷ್ಟೂ ಕರಗಿರಲಿಲ್ಲ. ಆದ್ದರಿಂದ ಸೌದಾಗರರಿಗೆ ನಾನೇ ಹೇಳಿದೆ: “ಅವನು ಬೇಡ ಅಂದಿದ್ದ, ಹೊಡಿ ಅಂದವನು ನಾನು.” ಅವರು ಗಡ್ಡ ಸವರಿಕೊಂಡು, “ಬೇಡ ಅನ್ನೋಕೆ ಗೊತ್ತಿದ್ದವನನ್ನ ಬಿಟ್ಟು ನಿನ್ನ ಯಾಕೆ ಮೇಸ್ತ್ರಿ ಮಾಡಿದ್ನೋ” ಎಂದು ನನ್ನ ಬೀಗದ ಕೈ ಗೊಂಚಲನ್ನು ಹರಿಮೋಹನನಿಗೆ ಕೊಟ್ಟರು. ಹೊಸ ಮೇಸ್ತ್ರಿಯ ಮೊದಲ ಆಜ್ಞೆಯಂತೆ ಬಣ್ಣ ಕೆರೆಯುವ ಉಳಿ ಹಿಡಿದು ಈಗ ತಮ್ಮೆದುರೇ ಕುಕ್ಕರುಗಾಲಲ್ಲಿ ಕೂತಿದ್ದೇನೆ. ನಾಲ್ಕು ವರ್ಷ ಕೊಟ್ಟರೂ ತಾವು ಮಾಡದ, ಇನ್ನೊಬ್ಬರ ಬದಲು ಸವೆಯುವ ಕೆಲಸವನ್ನು ನಾನು ಹತ್ತು ಗಂಟೆಗೆ ಶುರುಮಾಡಿ ಹತ್ತೂಕಾಲಿಗೆ ಮುಗಿಸಿದೆ. ಈಗ ತಮ್ಮ ಸರದಿ, ಬೆನ್ನು ತಿರುಗಿಸಿ.